ಕಡ್ಡಿ, ಬಿಲ್ಲೆ, ಡಬ್ಬಿ

ಬೀಗರ ಊಟದಲ್ಲಿ ಎರಡನೇ ಮುದ್ದೆ ಮುಗಿಸಿದ ಮನುಷ್ಯ ಯಾರಿಗೂ ಯಾವ ಮಾತೂ ಕೊಡಬಾರದು. ಹೊಳೆನರಸೀಪುರದ ದೇವರಾಜ್ ಕೊಟ್ಟುಬಿಟ್ಟಿದ್ದ.

ಊಟ ನಡೆದದ್ದು ಹೆಂಡತಿಯ ತವರಾದ ಮಲ್ಲಿಪಟ್ಟಣದಲ್ಲಿ. ಅವಳ ಕಡೆಯವರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು. ಮಾವ ಚನ್ನಪ್ಪ ಮೂಳೆ ಚೀಪುವುದನ್ನು ನಿಲ್ಲಿಸಿ, "ಅಳಿಯಂದ್ರೆ, ನಮ್ಮ ಆಶಾ ಅಡಿಗೆ ಮಾಡಿರೋ ಪ್ರೋಗ್ರಾಮು ಇಂಟರ್ನೆಟ್ಟಲ್ಲೇ ಬರಾದಂತಲ್ಲ. ಅದುಕ್ಕೆ ಸ್ಮಾರ್ಟ್ ಟಿ.ವಿ. ಬೇಕಂತೆ. ತಗಂಡ್ರಾ?" ಎಂದು ಕೇಳಿದರು.

"ಸ್ಮಾರ್ಟ್ ಟಿ.ವಿ. ಯಾಕ್ ಮಾವ, ದಂಡ! ಇರೋ ಟಿ.ವಿ.ಗೆ ಇಂಟರ್ನೆಟ್ ಬರೋ ಒಂದ್ ಕಡ್ಡಿ ಸಿಗ್ಸುದ್ರೆ ಅದೇ ಸ್ಮಾರ್ಟಾಯ್ತದೆ. ಶುಕ್ರವಾರ ಸಂಜೆ ಎಲ್ಲಾರೂ ನಮ್ಮನೇಗೇ ಬನ್ನಿ, ನಾನ್ ತೋರುಸ್ತೀನಿ."

ಆಶಾರಾಣಿ ಎದುರು ಸಾಲಿನಿಂದ ಗಂಡನನ್ನೊಮ್ಮೆ ನೋಡಿದಳು. ಮೂವತ್ತು ಎಲೆಗಳ ಮುಂದೆ ಆಡಿದ ಮಾತು. ಇನ್ನು ಅದನ್ನು ವಾಪಸ್ ತೆಗೆದುಕೊಳ್ಳುವಂತಿಲ್ಲ ಎಂದು ಅವಳಿಗೆ ಸಮಾಧಾನವಾಯಿತು.

'ಒಲೆ ಮುಂದೆ ಒಂದು ದಿನ' ಎಂಬ ಆ ಅಡುಗೆ ಸ್ಪರ್ಧೆ ಕೇಬಲ್‌ನಲ್ಲಿ ಬರುತ್ತಿರಲಿಲ್ಲ, ಶುಕ್ರವಾರ ಸಂಜೆ ಏಳಕ್ಕೆ ಫೋನಿನ ಆ್ಯಪ್‌ನಲ್ಲಿ ಮಾತ್ರ. ಹಾಸನದಲ್ಲಿ ಚಿತ್ರೀಕರಣವಾದಾಗ ಆಶಾರಾಣಿ ಹುರುಳಿಕಾಳಿನ ಬಸ್ಸಾರು ಮಾಡಿ ಬಂದಿದ್ದಳು. ಗೆದ್ದಳೋ ಬಿಟ್ಟಳೋ, ಅಲ್ಲಿ ಏನು ಮಾತಾಡಿದಳೋ, ಒಂದನ್ನೂ ಬಾಯಿಬಿಟ್ಟಿರಲಿಲ್ಲ. "ಹೇಳ್ಬಾರ್ದು ಅಂತ ಸೈನ್ ಹಾಕುಸ್ಕೊಂಡವ್ರೆ" ಎನ್ನುತ್ತಿದ್ದಳು. ಫೋನಿನಲ್ಲೇ ನೋಡಿದರಾಯಿತಲ್ಲ ಎಂದು ದೇವರಾಜ್ ಒಮ್ಮೆ ಅಂದದ್ದಕ್ಕೆ, "ಅಂಗೈ ಅಗಲದ ಫೋನಲ್ಲಿ ನಮ್ಮಪ್ಪನ ಕಣ್ಗೆ ಬಸ್ಸಾರೂ ಒಂದೇ, ಬಚ್ಚಲ ನೀರೂ ಒಂದೇ. ನಮ್ಮಪ್ಪ ನನ್ನ ಟಿ.ವಿ.ಲೇ ನೋಡ್ಬೇಕು" ಎಂದಿದ್ದಳು. ಮದುವೆಯಾಗಿ ಬಂದ ಮೇಲೆ ಅವಳು ಹಟ ಹಿಡಿದು ಕೇಳಿದ್ದು ಇದೊಂದನ್ನೇ.

ಆ ಶುಕ್ರವಾರ ಬಂದೇಬಿಟ್ಟಿತು. ಕಡ್ಡಿ ಮಾತ್ರ ಬಂದಿರಲಿಲ್ಲ.

ದೇವರಾಜ್ ತೆಂಗಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರು. ಯಾವ ಕಾಯಿ ಬಲಿತಿದೆ, ಯಾವುದು ಎಳಸು, ಯಾವುದರೊಳಗೆ ನೀರಾರಿದೆ ಎಂಬುದನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿಯೇ ಹೇಳುತ್ತಿದ್ದ. ಈ ವಿದ್ಯೆಯನ್ನು ಅವನು ಮಂಡಿಯಲ್ಲೇ ಬಿಟ್ಟು ಬರುತ್ತಿರಲಿಲ್ಲ. ಬಕೆಟ್ಟು ಕೊಂಡರೆ ತಟ್ಟುತ್ತಿದ್ದ, ಹೆಲ್ಮೆಟ್ಟು ಕೊಂಡರೆ ತಟ್ಟುತ್ತಿದ್ದ. ಒಮ್ಮೆ ಡಾಕ್ಟರು ಅವನ ಬೆನ್ನು ತಟ್ಟಿ ನೋಡಿದಾಗ, "ಹೆಂಗಿದೆ ಸಾ, ಬಲ್ತಿದೆಯಾ?" ಎಂದು ಕೇಳಿದ್ದ.

ಮಂಡಿಗೆ ಅರ್ಧ ದಿನ ರಜಾ ಹಾಕಿ ಹೊರಟವನನ್ನು ಹಜಾರದಲ್ಲಿ ಕೂತಿದ್ದ ಚಂದ್ರಶೇಖರಯ್ಯ ತಡೆದರು. ಅವರು ಪಕ್ಕದ ಮನೆಯವರು, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಕಳೆದ ಮುಂಗಾರಿನ ಸಿಡಿಲಿಗೆ ಅವರ ಟಿ.ವಿ. ಸುಟ್ಟುಹೋದ ಮೇಲೆ ದಿನಾ ಸಂಜೆ ದೇವರಾಜನ ಕುರ್ಚಿಯಲ್ಲಿ ಕೂತು, ದೇವರಾಜನ ಟಿ.ವಿ.ಯಲ್ಲಿ, ತಮಗೆ ಬೇಕಾದ ವಾರ್ತೆ ನೋಡುತ್ತಿದ್ದರು. ಏನೂ ಅನ್ನುವ ಹಾಗಿರಲಿಲ್ಲ. ದೇವರಾಜನ ಮನೆಯವರ ಫೋನುಗಳೆಲ್ಲ ಓಡುತ್ತಿದ್ದುದು ಚಂದ್ರಶೇಖರಯ್ಯನವರ ವೈಫೈಯಲ್ಲಿ.

"ಕಡ್ಡೀನೇ ತಗೊಳ್ಳಿ ದೇವರಾಜ್" ಎಂದರು. "ಬೇರೆ ಯಾವುದನ್ನೂ ಮುಟ್ಟಬೇಡಿ. ನಮ್ಮ ಷಡ್ಡಕರ ಮನೇಲಿ ಕಡ್ಡೀನೇ ಇರೋದು. ಸಿಗಿಸಿದ್ರು, ಬಂತು. ಅಷ್ಟೇ."

ಅಷ್ಟರಲ್ಲಿ ಆಶಾರಾಣಿಯ ತಮ್ಮ ಅನಿಲ್‌ಕುಮಾರ್ ಅರಕಲಗೂಡಿನಿಂದ ಫೋನು ಮಾಡಿದ. "ಭಾವ, ಕಡ್ಡಿ ಗಿಡ್ಡಿ ತಗಬ್ಯಾಡಿ. ಬಿಸಿಯಾಗಿ ನಿಂತೋಯ್ತದೆ. ಬಿಲ್ಲೆ ಅಂತ ಬತ್ತದೆ ನೋಡಿ, ದುಂಡುಗೆ, ವಡೆ ಇದ್ದಂಗೆ. ಅದು ಕಿಂಗು."

ಅಂಗಡಿಯ ಬಾಗಿಲಲ್ಲಿ ಸಿಕ್ಕ ಮಂಡಿಯ ಮೇಸ್ತ್ರಿ ನಟರಾಜ್, "ಕಡ್ಡಿ, ಬಿಲ್ಲೆ ಎಲ್ಲಾ ಹುಡುಗ್ರ ಆಟದ ಸಾಮಾನು ಕಣಣ್ಣ. ಡಬ್ಬಿ ತಗೊ. ನಮ್ಮನೇಲಿ ಡಬ್ಬೀನೇ" ಎಂದ.

ತಾನು ಕೊಂಡದ್ದನ್ನೇ ಊರೆಲ್ಲ ಕೊಳ್ಳಲಿ ಎಂಬುದು ಎಲ್ಲರ ಆಸೆ. ಒಬ್ಬನೇ ಟೋಪಿ ಹಾಕಿಸಿಕೊಳ್ಳುವುದಕ್ಕಿಂತ ಜೊತೆಗೆ ನಾಲ್ಕು ಜನ ಹಾಕಿಸಿಕೊಂಡರೆ ಅದು ಟೋಪಿ ಅನ್ನಿಸುವುದಿಲ್ಲ, ಸಮವಸ್ತ್ರ ಅನ್ನಿಸುತ್ತದೆ.

ಅಂಗಡಿ ಗೌರೀಶನದು, ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ. ಗೌರೀಶ ಮೂರನ್ನೂ ಗಾಜಿನ ಮೇಲೆ ಸಾಲಾಗಿ ಇಟ್ಟ.

"ಮೂರ್ರಲ್ಲಿ ಯಾವ್ದು ಚೆನ್ನಾಗಿದೆ?"

"ಮೂರೂ ಚೆನ್ನಾಗವೆ ಸಾ. ನೀವು ಯಾವ್ದು ತಗತೀರೋ ಅದು ಇನ್ನೂ ಚೆನ್ನಾಗದೆ."

ದೇವರಾಜ್ ಕಡ್ಡಿಯನ್ನು ಅಂಗೈಯಲ್ಲಿ ತೂಗಿದ. ತೂಕವೇ ಇಲ್ಲ, ಒಣಗಿದ ಹೊಂಬಾಳೆಯ ಹಾಗೆ. ಕಿವಿಯ ಹತ್ತಿರ ಹಿಡಿದು ತಟ್ಟಿದ. ಗೌರೀಶನ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೊಳೆನರಸೀಪುರದಲ್ಲಿ ಅಂಗಡಿ ಇಟ್ಟವನು ಎಲ್ಲ ಥರದ ಗಿರಾಕಿಯನ್ನೂ ಕಂಡಿರುತ್ತಾನೆ. ಬಿಲ್ಲೆಯನ್ನು ತಟ್ಟಿದ. ಟೊಳ್ಳು. ಡಬ್ಬಿಯನ್ನು ತಟ್ಟಿದ. ಗಟ್ಟಿ ನಾದ ಬಂತು. ಮನಸ್ಸು ಡಬ್ಬಿಯ ಕಡೆಗೇ ಇತ್ತು. ಆದರೆ ವೈಫೈ ಚಂದ್ರಶೇಖರಯ್ಯನವರದು. ಅವರ ಮಾತು ಮೀರಿದರೆ ಪಾಸ್‌ವರ್ಡ್ ಬದಲಾಗಬಹುದು.

"ಕಡ್ಡೀನೇ ಕೊಡಿ" ಎಂದ.

ಮನೆಗೆ ಬಂದು ಪೊಟ್ಟಣ ಬಿಚ್ಚಲು ಹೋದವನ ಕೈಯನ್ನು ತಾಯಿ ದೊಡ್ಡತಾಯಮ್ಮ ಹಿಡಿದುಕೊಂಡರು.

"ಲೇ ದ್ಯಾವರಾಜ, ಅಂಗೇ ಸಿಗ್ಸಬ್ಯಾಡ ಕಣ್ಲಾ. ವಸಾ ಸಾಮಾನು. ಒಂದ್ ಬೊಟ್ ಇಡ್ತೀನಿ ತಡಿ."

ದೊಡ್ಡತಾಯಮ್ಮನ ರಾಜ್ಯದಲ್ಲಿ ಪೂಜೆಯಾಗದ ಯಂತ್ರಕ್ಕೆ ಓಡುವ ಹಕ್ಕಿರಲಿಲ್ಲ. ಆಯುಧಪೂಜೆಯ ದಿನ ಮಿಕ್ಸಿ, ಸ್ಕೂಟರು, ನೀರಿನ ಮೋಟರು, ಗ್ಯಾಸ್ ಸಿಲಿಂಡರು, ಟಿ.ವಿ., ಯಾವುದನ್ನೂ ಆಕೆ ಬರಿಹಣೆಯಲ್ಲಿ ಬಿಟ್ಟವರಲ್ಲ. ಅದೂ ಗಾಳಿಗೆ ಉದುರುವ ಬೊಟ್ಟಲ್ಲ. ಗಂಧಕ್ಕೆ ಒಂದು ತೊಟ್ಟು ಎಣ್ಣೆ ಬೆರೆಸಿ, ಹೆಬ್ಬೆರಳಲ್ಲಿ ಒತ್ತಿ, ಅದರ ಮೇಲೆ ಕುಂಕುಮ ಇಟ್ಟರೆ ಮುಂದಿನ ಆಯುಧಪೂಜೆಯವರೆಗೆ ಅಲ್ಲಾಡುತ್ತಿರಲಿಲ್ಲ.

ಕಡ್ಡಿಗೂ ಬೊಟ್ಟು ಬಿತ್ತು. ಊದುಬತ್ತಿ ಬೆಳಗಿದ್ದಾಯಿತು. ಇನ್ನು ಸಿಗಿಸುವ ಕೆಲಸ. ಟಿ.ವಿ. ಕೂತಿದ್ದದ್ದು ಆಚಾರಿ ಅಳತೆ ತೆಗೆದು ಗೋಡೆಗೆ ಮಾಡಿಕೊಟ್ಟ ಮರದ ಗೂಡಿನಲ್ಲಿ. ಕಳ್ಳರು ಎತ್ತಿಕೊಂಡು ಹೋಗದಿರಲಿ ಎಂದು ಸುತ್ತ ಪಟ್ಟಿಯನ್ನೂ ಹೊಡೆಸಿದ್ದ ದೇವರಾಜ್. ಎಡಗಡೆ ಮಾತ್ರ ಕೈ ಹೋಗುವಷ್ಟು ಜಾಗ. ಆ ಕಡೆಯಿಂದ ತಡವಿ ತಡವಿ ಕಡ್ಡಿ ಸಿಗಿಸಿ, ಗೋಡೆಯ ಸ್ವಿಚ್ಚು ಒತ್ತಿ, ಎಲ್ಲರೂ ಪರದೆ ನೋಡಿದರು.

ಕೇಬಲ್‌ನ ಧಾರಾವಾಹಿ ಬಂತು. ಅತ್ತೆಯೊಬ್ಬಳು ಸೊಸೆಯ ಹಾಲಿಗೆ ಏನನ್ನೋ ಬೆರೆಸುತ್ತಿದ್ದಳು.

"ಇದೇ ಅಡಿಗೆ ಪ್ರೋಗ್ರಾಮಾ?" ದೊಡ್ಡತಾಯಮ್ಮ ಕೇಳಿದರು.

"ಕಡ್ಡಿ ಡಿಫೆಕ್ಟು" ಎಂದರು ಚಂದ್ರಶೇಖರಯ್ಯ, ಕುರ್ಚಿಯಿಂದ ಏಳದೆ. "ಪೀಸ್ ಬದಲಾಯಿಸಿ."

ಅಂಗಡಿಯಲ್ಲಿ ಗೌರೀಶ ಕಡ್ಡಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಏನ್ ಸಾ ಇದು, ಕುಂಕುಮ! ಪೂಜೆ ಆದ ಮಾಲ್ನ ವಾಪಸ್ ತಗಳ್ಳಕ್ಕಾಯ್ತದಾ? ಮಂಗಳಾರತಿ ಆಗೋದ್ಮೇಲೆ ಪೂಜಾರಪ್ಪ ಕಾಯಿ ವಾಪಸ್ ಕೊಡ್ತಾನಾ?"

"ಕೊಡ್ತಾನಪ್ಪ, ಅರ್ಧ ಹೋಳು ಕೊಡ್ತಾನೆ" ಎಂದ ದೇವರಾಜ್. ಕಾಯಿಯ ವಿಷಯದಲ್ಲಿ ಅವನನ್ನು ಸೋಲಿಸುವುದು ಕಷ್ಟ.

ಗೌರೀಶ ನಕ್ಕು, ಬೊಟ್ಟು ಒರೆಸಿ, ಕಡ್ಡಿ ಒಳಗಿಟ್ಟು ಬಿಲ್ಲೆ ಕೊಟ್ಟ. ಮೇಲೆ ಸ್ವಲ್ಪ ದುಡ್ಡನ್ನೂ ಇಸಿದುಕೊಂಡ.

ಬಿಲ್ಲೆಗೆ ಬೊಟ್ಟಿಟ್ಟು ಸಿಗಿಸಿದರು. ಅತ್ತೆ ಹಾಲಿನ ಲೋಟ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಬೇರೇನೂ ಬರಲಿಲ್ಲ.

ಅನಿಲ್‌ಕುಮಾರ್ ಫೋನಿನಲ್ಲಿ, "ಭಾವ, ಟಿ.ವಿ.ಲಿ ಸೋರ್ಸ್ ಚೇಂಜ್ ಮಾಡುದ್ರಾ? ಈಗ ಅದು ಕೇಬಲ್ ಕಡೆ ನೋಡ್ತಾ ಕೂತದೆ. ಬಿಲ್ಲೆ ಕಡೆ ತಿರುಗ್ಸಬೇಕು. ಟಿ.ವಿ. ರಿಮೋಟಲ್ಲಿ ಒಂದ್ ಬಟನ್ ಇರ್ತದೆ ಒತ್ತಿ" ಎಂದ.

ಟಿ.ವಿ.ಗೂ ಒಂದು ರಿಮೋಟಿದೆ ಎಂಬುದೇ ಮನೆಯಲ್ಲಿ ಮರೆತುಹೋಗಿತ್ತು. ವರ್ಷಗಟ್ಟಲೆ ಕೇಬಲ್ ಡಬ್ಬದ ರಿಮೋಟಿನಲ್ಲೇ ಎಲ್ಲ ನಡೆದಿತ್ತು, ಟಿ.ವಿ.ಯನ್ನು ಹಚ್ಚುವುದು, ಆರಿಸುವುದು ಗೋಡೆಯ ಸ್ವಿಚ್ಚಿನಲ್ಲಿ. ಆಶಾರಾಣಿ ಬೀರು ಜಾಲಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಾಣಂತಿಯಂತೆ ಬೆಚ್ಚಗೆ ಇಟ್ಟಿದ್ದ ರಿಮೋಟನ್ನು ತಂದಳು. ಹೊಸ ಸೆಲ್ಲು ಹಾಕಿದರು. ಒತ್ತಿದರು. ಪರದೆ ಬಿಟ್ಟು ಅತ್ತೆ ಅಲುಗಾಡಲಿಲ್ಲ.

"ಟಿ.ವಿ. ಇಂದ್ಗಡೆ ಬಟನ್ ಇರ್ತವೆ ಭಾವ, ಬಲಗಡೆ."

ಬಲಗಡೆ ಜಾಗವಿರಲಿಲ್ಲ. ಆದರೂ ದೇವರಾಜ್ ಉಸಿರು ಬಿಗಿಹಿಡಿದು, ಬೆರಳು ಜೋಡಿಸಿ, ಹಸುವಿಗೆ ಹೆರಿಗೆ ಮಾಡಿಸುವ ಡಾಕ್ಟರಂತೆ ಕೈ ತೂರಿಸಿದ. ಮಣಿಕಟ್ಟು ಹೋಯಿತು. ಮೊಣಕೈಯ ತನಕ ಹೋಯಿತು. ವಾಪಸ್ ಮಾತ್ರ ಬರಲಿಲ್ಲ.

"ಬಟನ್ ಸಿಕ್ತಾ?" ಚಂದ್ರಶೇಖರಯ್ಯ ಕೇಳಿದರು.

"ಹಲ್ಲಿ ಸಿಕ್ತು" ಎಂದು ದೇವರಾಜ್ ಕಿರುಚಿದ.

ದೊಡ್ಡತಾಯಮ್ಮ ಹರಳೆಣ್ಣೆ ತಂದು ಗೂಡಿನ ಸಂದಿಗೆ ಸುರಿದರು. ಚಂದ್ರಶೇಖರಯ್ಯ ಸೊಂಟ ಹಿಡಿದು ಎಳೆದರು. ಎದುರು ಮನೆಯವರು, ಹಾಲಿನವನು, ಹೀಗೇ ಹೋಗುತ್ತಿದ್ದವರು, ಎಲ್ಲರೂ ಬಂದು ಒಂದೊಂದು ಸಲಹೆ ಕೊಟ್ಟರು. ಕೈ ಬಂತು, ವಾಚು ಒಳಗೇ ಉಳಿಯಿತು.

ಆಶಾರಾಣಿ ಅಡುಗೆಮನೆಯಿಂದಲೇ ಕೇಳಿದಳು. "ರೀ, ಸಂಜೆಗೆ ಆಯ್ತದೋ ಇಲ್ವೋ? ಹೇಳ್ಬುಡಿ. ನಮ್ಮಪ್ಪಂಗೆ ಬರ್ಬ್ಯಾಡಿ ಅಂತೀನಿ."

ಅವಳು ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ದೇವರಾಜನಿಗೆ ಎಣ್ಣೆಗೈಯನ್ನು ಎಲ್ಲಿ ಒರೆಸಿಕೊಳ್ಳಬೇಕೋ ತಿಳಿಯಲಿಲ್ಲ. "ಆಯ್ತದೆ, ಆಯ್ತದೆ" ಎನ್ನುತ್ತ ಸ್ಕೂಟರು ಹತ್ತಿದ.

ಈ ಸಲ ಯಾರ ಮಾತನ್ನೂ ಕೇಳದೆ, ತಟ್ಟಿದಾಗ ಗಟ್ಟಿ ನಾದ ಬಂದ ಡಬ್ಬಿಯನ್ನೇ ತಂದ. ಬೊಟ್ಟು ಬಿತ್ತು. ಸಿಗಿಸಿದ. ಅಷ್ಟು ಹೊತ್ತಿಗೆ ಆ ಧಾರಾವಾಹಿ ಮುಗಿದು ಇನ್ನೊಂದು ಶುರುವಾಗಿತ್ತು. ಅದರಲ್ಲೂ ಅತ್ತೆ ಹಾಲಿಗೆ ಏನನ್ನೋ ಬೆರೆಸುತ್ತಿದ್ದಳು.

ಆಗ ಚಂದ್ರಶೇಖರಯ್ಯ ಕುರ್ಚಿಯಿಂದ ಎದ್ದರು. ಅವರು ಎದ್ದರೆಂದರೆ ವಿಷಯ ಗಂಭೀರ. ತಮ್ಮ ಫೋನಿನ ಕ್ಯಾಮರಾ ತೆರೆದು ಅದರೆದುರು ಟಿ.ವಿ. ರಿಮೋಟು ಹಿಡಿದು ಒತ್ತಿದರು. ಫೋನಿನ ಪರದೆಯ ಮೇಲೆ ರಿಮೋಟಿನ ಮೂತಿಯಲ್ಲಿ ಸಣ್ಣ ಬೆಳಕು ಮಿನುಗಿತು.

"ನೋಡಿದ್ರಾ? ರಿಮೋಟು ಜೀವಂತವಾಗಿದೆ. ಕೂಗ್ತಾ ಇದೆ. ನಿಮ್ಮ ಟಿ.ವಿ.ಗೇ ಕೇಳಿಸ್ತಿಲ್ಲ." ಟಿ.ವಿ.ಯ ಹತ್ತಿರ ಬಗ್ಗಿ ಮೇಲಿಂದ ಕೆಳಗೆ ಒಂದು ಸುತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ನೆಟ್ಟಗಾದರು. "ಕಿವುಡು ಟಿ.ವಿ. ಇಟ್ಕೊಂಡು ಏನ್ ಮಾಡ್ತೀರಿ? ಎಕ್ಸ್‌ಚೇಂಜ್‌ಗೆ ಹಾಕಿಬಿಡಿ. ಗೌರೀಶನ ಅಂಗಡೀಲಿ ಬೋರ್ಡ್ ನೋಡಿದೀನಿ, ನಡೆದ್ರೂ ಸರಿ, ನಡೀದಿದ್ರೂ ಸರಿ, ತಗೋತಾನೆ."

ದೇವರಾಜ್ ಗೋಡೆಗೆ ಒರಗಿದ. ದಂಡ ಎಂದು ಮೂವತ್ತು ಎಲೆಗಳ ಮುಂದೆ ಹೇಳಿದ್ದ ಸ್ಮಾರ್ಟ್ ಟಿ.ವಿ.ಯನ್ನೇ ಈಗ ಕೊಳ್ಳಬೇಕು. ಅಡುಗೆಮನೆಯಲ್ಲಿ ಆಶಾರಾಣಿ ಬರುವವರಿಗಾಗಿ ಸಜ್ಜಿಗೆಗೆ ರವೆ ಹುರಿಯುವ ವಾಸನೆ ಬರುತ್ತಿತ್ತು. ಅವನು ಮಚ್ಚು ತಂದ.

ಗೂಡಿನ ಪಟ್ಟಿ ಕಿತ್ತು, ಟಿ.ವಿ. ಹೊರಗೆ ತೆಗೆದಾಗ ಹಿಂದುಗಡೆಯ ಬಟನ್‌ಗಳೂ ಕಂಡವು, ವಾಚೂ ಕಂಡಿತು.

"ಸಾ, ಈಗ ಈ ಬಟನ್ ಒಂದ್ಸಲ ಒತ್ತಿ ನೋಡಣ್ವಾ?"

"ಆಟೋ ಕಾಯ್ತಿದೆ ದೇವರಾಜ್" ಎಂದರು ಚಂದ್ರಶೇಖರಯ್ಯ, ಟಿ.ವಿ.ಯ ಒಂದು ಕೊನೆಯನ್ನು ತಾವೇ ಹಿಡಿದೆತ್ತುತ್ತ. ಅವರು ಈ ಮನೆಯಲ್ಲಿ ಒಂದು ಚೊಂಬನ್ನೂ ಎತ್ತಿಟ್ಟವರಲ್ಲ. ಎಂಥ ನೆರೆಯವರು ಎಂದು ದೇವರಾಜನ ಮನಸ್ಸು ತುಂಬಿಬಂತು.

ಗೌರೀಶ ಹಳೇ ಟಿ.ವಿ.ಗೆ ಕೊಟ್ಟ ಬೆಲೆ ಗುಜರಿಯವನಿಗೂ ನಾಚಿಕೆ ತರುವಂತಿತ್ತು. ಡಬ್ಬಿಯನ್ನೂ ವಾಪಸ್ ಹಿಡಿದು, ಉಳಿದದ್ದಕ್ಕೆ ಕಂತು ಮಾಡಿದ. ಹೊಸ ಟಿ.ವಿ. ಬಂತು. ಅಗಲವಾಗಿತ್ತು, ಗೂಡಿನಲ್ಲಿ ಹಿಡಿಯಲಿಲ್ಲ. ಆಶಾರಾಣಿಯ ಹೊಲಿಗೆ ಮೆಷಿನ್ನಿನ ಮೇಲೆ ಹಲಗೆ ಹಾಸಿ ನಿಲ್ಲಿಸಿದರು. ಅಂಗಡಿಯವನು ವೈಫೈ ಜೋಡಿಸಿ, ಆ್ಯಪ್ ಹಾಕಿ, ರಿಮೋಟಿನಲ್ಲಿ ನಾಲ್ಕು ಸಲ ಹಿಂದೆ ಮುಂದೆ ಓಡಿಸಿ ತೋರಿಸಿ ಹೋದ. ಎಲ್ಲ ಬೆಣ್ಣೆಯಂತೆ ನಡೆಯಿತು. ಆಶಾರಾಣಿ ಬೆಳಗಿನಿಂದ ಮೊದಲ ಸಲ ನಕ್ಕಳು. ಆ ನಗುವಿಗೆ ಕಂತೂ ಹಗುರ ಅನ್ನಿಸಿ, ದೇವರಾಜ್ ಶೀಟಿ ಹಾಕುತ್ತ ಬಾಳೆಹಣ್ಣು ತರಲು ಪೇಟೆಗೆ ಹೋದ.

ಅವನು ವಾಪಸ್ ಬರುವಾಗ ಮಲ್ಲಿಪಟ್ಟಣದ ಓಮ್ನಿ ಬಾಗಿಲಲ್ಲಿ ನಿಂತಿತ್ತು. ಹಜಾರದಲ್ಲಿ ಜನವೋ ಜನ. ಚನ್ನಪ್ಪ, ಅನಿಲ್‌ಕುಮಾರ್, ಆಶಾರಾಣಿಯ ಸೋದರತ್ತೆ, ದೊಡ್ಡಮ್ಮಂದಿರು, ಅವರ ಸೊಸೆಯರು. ದೀಪ ಹಚ್ಚಿಯಾಗಿತ್ತು. ಊದುಬತ್ತಿಯ ಹೊಗೆಯಲ್ಲಿ ಹೊಸ ಟಿ.ವಿ. ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನಂತೆ ನಿಂತಿತ್ತು.

"ಏನ್ ಅಳಿಯಂದ್ರೆ, ಕಡ್ಡಿ ಅಂದ್ರಿ, ಕಂಬಾನೇ ತಂದಿದ್ದೀರಲ್ಲ!" ಎಂದರು ಚನ್ನಪ್ಪ. ಎಲ್ಲರೂ ನಕ್ಕರು. ದೇವರಾಜನೂ ನಕ್ಕ, ಮಾವನ ಮುಂದೆ ಸೋತರೂ ಅದು ದೊಡ್ಡಸ್ತಿಕೆಯ ಸೋಲಾಗಿತ್ತು.

ಏಳು ಹೊಡೆಯಿತು. ದೇವರಾಜ್ ರಿಮೋಟು ಒತ್ತಿದ. ಟಿ.ವಿ. ಸುಮ್ಮನಿತ್ತು. ಗಟ್ಟಿಯಾಗಿ ಒತ್ತಿದ. ಹತ್ತಿರ ಹೋಗಿ ಒತ್ತಿದ. ಸೆಲ್ಲು ಬದಲಾಯಿಸಿ ಒತ್ತಿದ. ಹಿಂದುಗಡೆ ಇದ್ದ ಒಂದೇ ಬಟನ್ ಒತ್ತಿದಾಗ ಪರದೆಯೇನೋ ಬೆಳಗಿತು. ಆ್ಯಪ್‌ಗಳ ಸಾಲು ಬಂತು. ಅದರಿಂದ ಮುಂದಕ್ಕೆ ಹೋಗಲು ರಿಮೋಟೇ ಬೇಕು. ಕೊನೆಗೆ ಅಭ್ಯಾಸಬಲದಿಂದ ರಿಮೋಟನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದ.

"ಬಲ್ತದಾ ಭಾವ?" ಅನಿಲ್‌ಕುಮಾರ್ ಕೇಳಿದ.

ಬೆವರು ಒರೆಸಿಕೊಂಡು ದೇವರಾಜ್ ಗೌರೀಶನಿಗೆ ಫೋನು ಹಚ್ಚಿದ. "ಏನ್ರೀ ಟಿ.ವಿ. ಕೊಟ್ಟಿರಾದು? ಇದುಕ್ಕೂ ಕಿವಿ ಕೇಳಲ್ವಲ್ರೀ!"

"ಬೊಟ್ ಇಟ್ಟವ್ರಾ ನೋಡಿ ಸಾ" ಎಂದ ಗೌರೀಶ, ಒಂದು ಕ್ಷಣವೂ ಯೋಚಿಸದೆ.

"ಏನು?"

"ಕೆಳಗಡೆ ಮಧ್ಯದಲ್ಲಿ ಸಣ್ ಕೆಂಪು ದೀಪ ಐತಲ್ಲ, ರಿಮೋಟಿನ ಬೆಳಕು ಬೀಳೋ ಕಣ್ಣು ಅದು. ನಿಮ್ಮ ಹಳೇ ಟಿ.ವಿ.ಗೂ ಅದರ ಮೇಲೇ ಕುಂಕುಮ ಮೆತ್ತಿದ್ರು. ಒದ್ದೆ ಬಟ್ಟೇಲಿ ಒರೆಸ್ದೆ ಸಾ, ಫಸ್ಟ್ ಕ್ಲಾಸ್ ಆಯ್ತು."

ದೇವರಾಜ್ ಫೋನನ್ನು ಕಿವಿಗೆ ಒತ್ತಿಕೊಂಡ. "ಅದೀಗ ಅಂಗಡೀಲೇ ಐತಾ?"

"ಎಲ್ಲಿ ಸಾ! ನಿಮ್ ಪಕ್ಕದ್ಮನೆ ಯಜಮಾನ್ರು ನೀವ್ ಅತ್ಲಾಗ್ ಹೋದ್ಮೇಲೆ ಬಂದು ಆಟೋಗ್ ಹಾಕ್ಕೊಂಡು ಹೋದ್ರು. ಆ ಮೊದಲ್ನೇ ಕಡ್ಡೀನೂ ತಗಂಡ್ರು."

ದೇವರಾಜ್ ಬಗ್ಗಿ ನೋಡಿದ. ಹೊಸ ಟಿ.ವಿ.ಯ ಕೆಳಗಡೆ, ನಟ್ಟನಡುವೆ, ಹಾರದ ಮರೆಯಲ್ಲಿ, ಗಂಧದ ಮೇಲೆ ಗುಂಡಗಿನ ಕುಂಕುಮ. ಅಳತೆ ಹಿಡಿದು ಇಟ್ಟಂತಿತ್ತು.

"ಅವ್ವಾ! ಅಷ್ಟಗಲ ಟಿ.ವಿ.ಲಿ ನಿಂಗೆ ಇದೇ ಜಾಗ ಸಿಕ್ತಾ?"

"ಇನ್ನೆಲ್ ಇಡಾದ್ಲಾ?" ದೊಡ್ಡತಾಯಮ್ಮ ಆಶ್ಚರ್ಯಪಟ್ಟರು. "ಕೆಂಪುಗೆ ದೀಪ ಉರೀತದಲ್ಲ, ಅದೇ ಅಲ್ವಾ ಅದರ ಜೀವ? ಜೀವ ಇರೋ ಜಾಗಕ್ಕೆ ಬೊಟ್ ಇಡ್ದೆ, ಬೆನ್ಗೆ ಇಡಾಕಾದದಾ?"

ದೇವರಾಜ್ ಹೆಗಲ ಟವಲನ್ನು ನೀರಿಗದ್ದಿ ಟಿ.ವಿ.ಯ ಹತ್ತಿರ ಹೋದ. ಸೋದರತ್ತೆ ಎದ್ದು ನಿಂತುಬಿಟ್ಟರು.

"ಶಿವಶಿವ! ಶುಕ್ರವಾರ, ದೀಪ ಹಚ್ಚಿರೋ ಹೊತ್ತು, ಮುತ್ತೈದೆ ಮನೇಲಿ ಕುಂಕುಮ ಅಳುಸ್ತೀರಾ? ನಿಮ್ಮ ಆಯಸ್ಸಿಗೇ ಅಲ್ವಾ ಕಣಪ್ಪ ಅದು!"

ಹೆಂಗಸರೆಲ್ಲ ಒಟ್ಟಿಗೆ ಲೊಚಗುಟ್ಟಿದರು. ದೇವರಾಜ್ ಹೆಂಡತಿಯ ಮುಖ ನೋಡಿದ. ಅವಳಿಗೆ ಪ್ರೋಗ್ರಾಮೂ ಬೇಕಿತ್ತು, ಗಂಡನೂ ಬೇಕಿತ್ತು. ಯಾವುದು ಎಷ್ಟು ಎಂದು ಅವಳು ಯೋಚಿಸಿದ ಹೊತ್ತು ಅವನಿಗೆ ಸ್ವಲ್ಪ ಉದ್ದವಾಯಿತು ಅನ್ನಿಸಿತು.

"ಬ್ಯಾಡ ಬುಡಿ" ಎಂದಳು ಕೊನೆಗೆ. ಅವಳ ಕಣ್ಣಿನ ಅಂಚು ಒದ್ದೆಯಾಗಿತ್ತು. "ನಾಳೆ ನೋಡನ."

ಆಗ ಬಾಗಿಲಲ್ಲಿ ಚಂದ್ರಶೇಖರಯ್ಯ ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. "ಬೇಜಾರು ಮಾಡ್ಕೋಬೇಡಮ್ಮ ಆಶಾ. ನಮ್ಮ ಮನೇಲಿ ಎಲ್ಲ ರೆಡಿ ಇದೆ. ಕಡ್ಡಿ ಹಾಕಿದೀನಿ, ಆ್ಯಪ್ ಹಾಕಿದೀನಿ. ಎಲ್ಲರೂ ಬನ್ನಿ. ನಮ್ಮ ದೇವರಾಜ್ ಹೇಳಿದ್ದೇ ಸರಿ ನೋಡಿ, ಹಳೇ ಟಿ.ವಿ.ಗೆ ಒಂದು ಕಡ್ಡಿ ಸಿಗಿಸಿದ್ರೆ ಸಾಕು."

ಜನ ಎದ್ದು ಹೊರಟರು. ಸಜ್ಜಿಗೆ ಹೊರಟಿತು. ಬಾಳೆಹಣ್ಣೂ ಹೊರಟಿತು. ದೇವರಾಜ್ ಚಂದ್ರಶೇಖರಯ್ಯನವರ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಸಾ, ನಿಜ ಹೇಳಿ. ಆ ಬೊಟ್ಟು ಮಧ್ಯಾಹ್ನಾನೇ ನಿಮ್ ಕಣ್ಗೆ ಬಿದ್ದಿತ್ತಲ್ವಾ?"

"ಬಿದ್ದಿತ್ತು" ಎಂದರು ಚಂದ್ರಶೇಖರಯ್ಯ ಶಾಂತವಾಗಿ. "ದೇವರ ವಿಷ್ಯ. ನಾವು ಯಾಕೆ ಬಾಯಿ ಹಾಕೋದು ಅಂತ ಸುಮ್ಮನಾದೆ."

ಅವರ ಹಜಾರ ಚಿಕ್ಕದು. ಹೆಂಗಸರು ಒಳಗೆ ಕೂತರು, ಗಂಡಸರು ಬಾಗಿಲವರೆಗೆ ಕೂತರು. ದೇವರಾಜನಿಗೆ ಜಾಗ ಸಿಕ್ಕಿದ್ದು ಅಂಗಳದಲ್ಲಿ, ಕಿಟಕಿಯ ಹೊರಗೆ, ಅವನ ಕೈ ಗೂಡಿನಲ್ಲಿ ಸಿಕ್ಕಿಕೊಂಡಾಗ ಬಂದಿದ್ದ ಬೀದಿಯವರ ಜೊತೆಗೆ. ಹೊರಗಿದ್ದವರಿಗೂ ಕೇಳಲಿ ಎಂದು ಚಂದ್ರಶೇಖರಯ್ಯ ಧಾರಾಳವಾಗಿ ಟಿ.ವಿ.ಯ ಸೌಂಡನ್ನು ತುತ್ತತುದಿಗೆ ಏರಿಸಿದರು.

ಪ್ರೋಗ್ರಾಮು ಶುರುವಾಯಿತು. ಪರದೆಯ ತುಂಬ ಆಶಾರಾಣಿ, ಹಸಿರು ಸೀರೆ, ಮುಂದೆ ಕೊತಕೊತ ಕುದಿಯುವ ಹುರುಳಿ ಕಟ್ಟು. ಚನ್ನಪ್ಪ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದರು. "ಕಾಣ್ತದೆ ಕಣವ್ವ" ಎಂದರು ಮಗಳಿಗೆ. "ಒಗ್ಗರಣೆ ಬೆಳ್ಳುಳ್ಳಿ ಸೈತ ಕಾಣ್ತದೆ." ಆಶಾರಾಣಿ ಸೆರಗು ಬಾಯಿಗೆ ಹಿಡಿದುಕೊಂಡಳು. ಕಿಟಕಿಯ ಸರಳು ಹಿಡಿದು ನಿಂತಿದ್ದ ದೇವರಾಜನಿಗೆ, ಹೋಗಲಿ, ಅವಳು ಕೇಳಿದ್ದು ಅವಳಿಗೆ ಸಿಕ್ಕಿತು ಅನ್ನಿಸಿತು.

ಅಷ್ಟರಲ್ಲಿ ದೊಡ್ಡತಾಯಮ್ಮ ಎದ್ದು ನಿಂತದ್ದು ಅವನಿಗೆ ಕಂಡಿತು. ಆಕೆಯ ಕಣ್ಣು ಹಳೇ ಟಿ.ವಿ.ಯ ಮೇಲಿತ್ತು.

"ಅಯ್ಯೋ, ನನ್ನ ಕೂಸಿನ ಬೊಟ್ ಯಾರೋ ಅಳಿಸ್ಬುಟ್ಟವ್ರಲ್ಲಪ್ಪ! ಬರಿಹಣೇಲಿ ನಿಂತದಲ್ಲ!" ಎನ್ನುತ್ತ ಮಡಿಲಿನಿಂದ ಕುಂಕುಮದ ಭರಣಿ ತೆಗೆದರು. ಸಜ್ಜಿಗೆ ಹಂಚುತ್ತಿದ್ದ ಚಂದ್ರಶೇಖರಯ್ಯನವರ ಬೆನ್ನು ಟಿ.ವಿ.ಯ ಕಡೆಗಿತ್ತು. ದೇವರಾಜ್ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಬಾಯಿ ತೆರೆದ. ಮುಚ್ಚಿದ. ದೇವರ ವಿಷಯ, ನಾವ್ಯಾಕೆ ಬಾಯಿ ಹಾಕೋದು ಎಂದು ಮನಸ್ಸಿನಲ್ಲೇ ಅಂದುಕೊಂಡ. ಬೆಳಗಿನಿಂದ ಸಿಗದಿದ್ದ ಒಂದು ತಂಪು ಎದೆಗೆ ಇಳಿಯಿತು.

ಹೆಬ್ಬೆರಳು ಬಿತ್ತು. ಬೊಟ್ಟು ಕೂತಿತು, ಅಳತೆ ಹಿಡಿದಂತೆ.

ಅದೇ ಹೊತ್ತಿಗೆ ಪರದೆಯ ಮೇಲೆ ನಿರೂಪಕಿ ಆಶಾರಾಣಿಯ ಮುಂದೆ ಮೈಕು ಹಿಡಿದಳು. "ಆಶಾ ಅವರೇ, ನಿಮ್ಮ ಯಜಮಾನ್ರ ಬಗ್ಗೆ ಸ್ವಲ್ಪ ಹೇಳಿ."

"ಅವ್ರಾ?" ಪರದೆಯ ಆಶಾರಾಣಿ ನಕ್ಕಳು. ಇಡೀ ಬೀದಿಗೆ ಕೇಳಿಸಿತು. "ಅವ್ರು ಕಾಯಿ ಮಂಡೀಲಿರಾದು. ಏನ್ ಕೊಟ್ರೂ ತಟ್ಟಿ ನೋಡ್ತಾರೆ. ಮುದ್ದೆ ಬಡಿಸುದ್ರೂ ಒಂದ್ಸಲ ತಟ್ಟೇ ಉಣ್ಣಾದು. ನನ್ನ ನೋಡಕ್ ಬಂದಾಗ ಕಾಫಿ ಲೋಟಾನೂ ತಟ್ಟಿದ್ರು!"

ಅಂಗಳದಲ್ಲಿ ನಗು ಎದ್ದಿತು.

"ಇನ್ನು ಖರ್ಚಿನ ವಿಷ್ಯ ಕೇಳ್ಬ್ಯಾಡಿ. ಒಂದಿನ ಬಸ್‌ಸ್ಟ್ಯಾಂಡಲ್ಲಿ ನಂಗೆ ಎಳನೀರು ಕುಡುಸ್ದೋರು, ಮನೇಗ್ ಬರಾ ತಂಕ ಅದರ ಬುರುಡೇನ ಕೈಲೇ ಹಿಡ್ಕೊಂಡ್ ಬಂದ್ರು, ಒಲೆಗಾಯ್ತದೆ ಅಂತ..."

"ಸಾ! ಸೌಂಡ್ ಕಮ್ಮಿ ಮಾಡಿ!" ದೇವರಾಜ್ ಕಿಟಕಿಯಿಂದ ಕೂಗಿದ. "ಸೌಂಡ್! ಸೌಂಡ್!"

ಚಂದ್ರಶೇಖರಯ್ಯ ಟಿ.ವಿ. ರಿಮೋಟು ಒತ್ತಿದರು. ಮತ್ತೆ ಒತ್ತಿದರು. ಬಗ್ಗಿ ಟಿ.ವಿ.ಯನ್ನು ನೋಡಿದರು. ಅದರ ಸುತ್ತ ಕೂತಿದ್ದ ಮುತ್ತೈದೆಯರನ್ನು ನೋಡಿದರು. ಸೋದರತ್ತೆ ಆಗಲೇ ಅವರ ಕೈಯ ಕಡೆಗೇ ದಿಟ್ಟಿಸುತ್ತಿದ್ದರು. ರಿಮೋಟನ್ನು ಮೆಲ್ಲನೆ ಕೆಳಗಿಟ್ಟು, ಕಿಟಕಿಯ ಕಡೆ ತಿರುಗಿ, ಎರಡೂ ಕೈ ಮೇಲೆತ್ತಿದರು.

ಪರದೆಯ ಆಶಾರಾಣಿ ನೀರು ಕುಡಿದು, ಸೆರಗು ಸರಿ ಮಾಡಿಕೊಂಡು, "ಇನ್ನೂ ಒಂದ್ ಕತೆ ಐತೆ" ಎಂದಳು.